ದೊಡ್ಡಕ್ಕೋರಿಗೆ ತಂಗಿ ಕೊಟ್ಟಿದ್ದು

ಔರಾದ ತಾಲ್ಲೂಕಿನ ಆ ಶಾಲೆಗೆ ನಾನು ಹೊಸದಾಗಿ ಹೋದ ದಿನ ಮೊದಲು ಕೇಳಿಸಿದ್ದು ಅವರ ದನಿ. ಅವರು ಕಂಡದ್ದು ಆಮೇಲೆ. ಬಸ್ಸಿಳಿದು ನಡೆದು ಬರುತ್ತಿದ್ದಾಗ ದಾರಿಯಲ್ಲಿ ಒಂದು ಲಾರಿ ನಿಂತಿತ್ತು. ಅದರ ತುಂಬ ಹಾಸಿಗೆ, ಪಾತ್ರೆ, ಗಂಟುಮೂಟೆ, ಅವುಗಳ ನಡುವೆ ಸಿಕ್ಕಿಕೊಂಡಂತೆ ಜನ. ಮಳೆ ಕೈಕೊಟ್ಟು ತೊಗರಿ ನಿಂತಲ್ಲೇ ಒಣಗಿದ ವರ್ಷ ಅದು. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಊರ ಅರ್ಧ ಜನ ಗುಳೆ ಹೊರಟಿದ್ದರು. ಲಾರಿಯ ಹಿಂದಿನ ಗಾಲಿಯ ಮೇಲೆ ಒಂದು ಕಾಲಿಟ್ಟು, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಲಾರಿಯ ಹಲಗೆ ಹಿಡಿದು, ಭಾರಿ ಮೈಯ ಹೆಂಗಸೊಬ್ಬರು ಮೇಲೆ ಕೂತವರ ಜೊತೆ ವಾದಕ್ಕಿಳಿದಿದ್ದರು.

“ನೀವು ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಹೊಟ್ಟಿ ಅದ, ಹೋಗ್ಲೇಬೇಕು. ಹುಡುಗುರನ್ನ ಇಳಸ್ರಿ. ಅವಕ್ಕ ಅಲ್ಲಿ ಏನ್ ಕೆಲಸ ಅದ? ಉಸುಕಿನ್ಯಾಗ ಉಳ್ಳಾಡ್ಲಿಕ್ಕ?”

ಮೇಲಿಂದ ಒಬ್ಬ ತಾಯಿ ಕೇಳಿದಳು, “ಇಲ್ಲಿ ಯಾರ್ ನೋಡ್ಕೋತಾರ್ರಿ ಅಕ್ಕೋರೆ?”

“ನಾ ಇದ್ದೀನಲ್ಲ. ಇಷ್ಟ್ ದೊಡ್ಡಕಿ ನಿಂತೀನಿ, ಕಾಣಲತ್ತಿಲ್ಲೇನು ನಿನಗ?”

ಲಾರಿಗೆ ಲಾರಿಯೇ ನಕ್ಕಿತು. ಆ ನಗೆಯ ನಡುವೆ ಮಕ್ಕಳು ಒಂದೊಂದಾಗಿ ಕೆಳಗಿಳಿದವು. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹೊಸಾ ಟೀಚರ್ ನೀನೇನು? ಯಾವೂರು?”

“ಭಾಲ್ಕಿರಿ.”

“ಏ ಭಾಲ್ಕಿ, ಈ ಗಂಟು ಹಿಡಿ.”

ಅಂದಿನಿಂದ ನನ್ನ ಹೆಸರು ಭಾಲ್ಕಿ. ಅಪ್ಪ ಅವ್ವ ಇಟ್ಟ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಅವರು ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳಿಗೆ ದೊಡ್ಡಕ್ಕೋರು. ಹುದ್ದೆಗೂ ಆ ಹೆಸರು ಒಪ್ಪುತ್ತಿತ್ತು, ಆಕಾರಕ್ಕೂ ಒಪ್ಪುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಸಭೆಗೆ ಹೋದರೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟವರಿಗೆ, “ಇದು ಮುರಿದ್ರ ನಂದೇನೂ ತಪ್ಪಿಲ್ಲ, ಮೊದ್ಲೇ ಹೇಳ್ಲತ್ತೀನಿ” ಎನ್ನುತ್ತಿದ್ದರು. ನಗುವವರಿಗಿಂತ ಮೊದಲು ತಾವೇ ನಕ್ಕುಬಿಟ್ಟರೆ ಮುಂದಿನ ಕೆಲಸ ಸಲೀಸು ಎಂಬುದು ಅವರ ರೀತಿ. ಯಾರಾದರೂ ಕಷ್ಟ ತೋಡಿಕೊಂಡರೆ ಪೂರ್ತಿ ಕೇಳುತ್ತಿದ್ದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು, ಮತ್ತೆ ಹಾಕಿಕೊಂಡು, “ಆಯ್ತು. ಮುಂದ?” ಎನ್ನುತ್ತಿದ್ದರು. ಮೊದಮೊದಲು ನನಗೆ ಅದು ಒರಟು ಅನಿಸಿತ್ತು. ಆ “ಮುಂದ” ಎನ್ನುವಷ್ಟರಲ್ಲಿ ಅವರು ತಮ್ಮ ಪಾಲಿನ ಕೆಲಸಕ್ಕೆ ಎದ್ದಾಗಿರುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಅವರ ಹುಟ್ಟೂರು ಭಾತಂಬ್ರಾ. ಬೌದ್ಧ ಮನೆತನ, ತಂದೆ ತಾಯಿ ಕೂಲಿ ಮಾಡಿದವರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಗುಳೆ ಹೋದವರ ಮಕ್ಕಳಿಗಾಗಿ ಶಾಲೆಯಲ್ಲೇ ತಿಂಗಳುಗಟ್ಟಲೆ ವಸತಿ ನಡೆಯುತ್ತಿತ್ತು. ಸರಕಾರದ ಆ ಯೋಜನೆಯನ್ನು ಅವರು ತಮ್ಮ ಮನೆಯ ಸಂಸಾರದಂತೆ ನಡೆಸಿದರು. ಶಾಲೆಯ ಹಿಂದಿನ ಕೋಣೆಯಲ್ಲೇ ಅವರ ವಾಸ. ಮಲಗುವ ಮುನ್ನ ಮಕ್ಕಳನ್ನು ಒಮ್ಮೆ ಎಣಿಸಿ, ಇನ್ನೊಮ್ಮೆ ಎಣಿಸಿ, ಆಮೇಲೆ ಬಾಗಿಲು ಹಾಕುತ್ತಿದ್ದರು.

ಎರಡನೆಯ ವರ್ಷವೂ ಮಳೆ ಬರಲಿಲ್ಲ. ಆ ಚಳಿಗಾಲದಲ್ಲಿ ಅವರ ಕಾಲು ಬಾತುಕೊಂಡಿತು, ಮುಖ ಊದಿತು, ಮೆಟ್ಟಿಲು ಹತ್ತಿದರೆ ಏದುಸಿರು. ಮೈ ಭಾರಕ್ಕೆ ಹೀಗಾಗುತ್ತದೆ ಎಂದು ತಾವೇ ತೀರ್ಮಾನಿಸಿಕೊಂಡಿದ್ದರು. ಬೀದರಿನ ಡಾಕ್ಟರು ರಕ್ತ ನೋಡಿ, ಬಿ.ಪಿ. ಒಳಗಿಂದೊಳಗೇ ಎರಡೂ ಕಿಡ್ನಿ ತಿಂದುಹಾಕಿದೆ ಎಂದರು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ರಜೆ ಹಾಕಿ ಬೀದರಿನಲ್ಲೇ ಮನೆ ಮಾಡಿಕೊಳ್ಳಿ ಎಂದರು.

“ಬಸ್ ಅವ ಅಲ್ರಿ ಡಾಕ್ಟರೆ,” ಎಂದರು ಇವರು. “ಮನಿ ಯಾಕ?”

ಔರಾದಕ್ಕೆ ರೈಲಿಲ್ಲ. ಬಸ್ಸೇ ಗತಿ. ಮಕ್ಕಳ ಮಧ್ಯಾಹ್ನದ ಊಟ ಮುಗಿಸಿ ಬಸ್ಸು ಹತ್ತುವುದು, ಬೀದರಿನಲ್ಲಿ ಯಂತ್ರದ ಪಕ್ಕ ಮಲಗುವುದು, ಕತ್ತಲಾದ ಮೇಲೆ ಮರಳುವುದು. ಜೊತೆಗೆ ಬಹಳ ಸಲ ನಾನು. ಡಯಾಲಿಸಿಸ್ ರೋಗಿಗೆ ನೀರು ಕುಡಿಯುವುದಕ್ಕೆ ಅಳತೆಯುಂಟು, ದಿನಕ್ಕೆ ಸಣ್ಣ ತಂಬಿಗೆಯಷ್ಟು. ಬಿಸಿಲಲ್ಲಿ ಬಸ್ಸಿನ ಕಿಟಕಿಯಿಂದ, ಟ್ಯಾಂಕರಿನ ಮುಂದೆ ಸಾಲು ನಿಂತ ಕೊಡಗಳನ್ನು ನೋಡುತ್ತ, ಒಣಗಿದ ತುಟಿ ಸವರಿಕೊಂಡು ಒಮ್ಮೆ ಅಂದರು, “ಊರಿಗೆಲ್ಲಾ ನೀರಿಲ್ಲ. ನಂಗ ಇದ್ರೂ ಕುಡಿಯಂಗಿಲ್ಲ. ಬರೋಬ್ಬರಿ ಆಯ್ತು ನೋಡು.”

ಆದರೆ ಅದೇ ಡಯಾಲಿಸಿಸ್ ಯಂತ್ರಕ್ಕೆ ಕೊಡಗಟ್ಟಲೆ ಶುದ್ಧ ನೀರು ಬೇಕು. ಒಂದು ಮಧ್ಯಾಹ್ನ ಹೋದಾಗ ಅಲ್ಲಿನವರು ಕೈಚೆಲ್ಲಿದರು. ಕೊಳವೆಬಾವಿ ಬತ್ತಿದೆ, ಟ್ಯಾಂಕರ್ ಬಂದಿಲ್ಲ, ನಾಳೆ ಬನ್ನಿ. ಬೆಂಚುಗಳ ಮೇಲೆ ಬಾತ ಮುಖದ ರೋಗಿಗಳು. ಕೆಲವರಿಗೆ ಆಗಲೇ ಉಸಿರು ಕಟ್ಟುತ್ತಿತ್ತು. ದೊಡ್ಡಕ್ಕೋರು ಕೂಗಾಡಲಿಲ್ಲ. ನಡೆಯಬಲ್ಲವರನ್ನೆಲ್ಲ ಎಬ್ಬಿಸಿ, ಎರಡು ಆಟೊ ಮಾಡಿ, ನೀರಿನ ಹೊಣೆ ಹೊತ್ತ ಅಧಿಕಾರಿಯ ಕಚೇರಿಗೆ ಕರೆದೊಯ್ದರು. ಅಧಿಕಾರಿ, ಊರಿಗೆ ಕುಡಿಯುವ ನೀರಿಗೇ ತತ್ವಾರವಿದೆ ಎಂದು ವಿವರಿಸತೊಡಗಿದರು.

“ಸಾಹೇಬ್ರೆ, ನಾವು ಕುಡಿಲಿಕ್ಕ ನೀರು ಕೇಳ್ಲಿಕ್ಕ ಬಂದಿಲ್ಲ. ನಮಗ ಡಾಕ್ಟರು ಕುಡಿಯೋದೇ ಬಂದ್ ಮಾಡ್ಯಾರ. ರಕ್ತ ತೊಳಿಲಿಕ್ಕ ನೀರು ಬೇಕು. ಟ್ಯಾಂಕರ್ ಅಲ್ಲಿಗಿ ಹೋಗಾತನ ನಾವು ಇಲ್ಲೇ ಕೂಡ್ತೀವಿ. ಕುರ್ಚಿ ಸಾಕಾಗಲಿಲ್ಲಂದ್ರ ನೆಲ ಅದ.”

ಕೂತರು. ಸಂಜೆಯೊಳಗೆ ಟ್ಯಾಂಕರ್ ಆಸ್ಪತ್ರೆಯ ಗೇಟು ಹೊಕ್ಕಿತು. ಅವತ್ತು ಎಲ್ಲರಿಗಿಂತ ಕೊನೆಗೆ ಯಂತ್ರ ಸಿಕ್ಕಿದ್ದು ಅವರಿಗೆ. ಹಾಗೆಂದು ಕೇಳಿಕೊಂಡವರು ಅವರೇ.

ಹೀಗೆ ಎಷ್ಟು ದಿನ ನಡೆದೀತು? ಕಿಡ್ನಿ ಕಸಿ ಮಾಡಿಸಬೇಕು ಎಂಬ ಮಾತು ಬಂತು. ದೊಡ್ಡ ಊರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಮುಳ್ಳು ನೋಡಿದರು, ತಲೆಯಾಡಿಸಿದರು. ಇಷ್ಟು ದಪ್ಪ ಮೈಗೆ ಈ ಆಪರೇಷನ್ ಆಗದು, ತೂಕ ಇಳಿಸಿಕೊಂಡು ಬನ್ನಿ ಎಂದರು. ಅವರ ಮಾತು ಸುಳ್ಳಲ್ಲ. ಕಸಿ ಮಾಡುವಾಗ ಕೆಳಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕು. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲೆಂದು ಕೊಡುವ ಔಷಧ, ಸೋಂಕು ತಡೆಯುವ ಮೈಯ ಶಕ್ತಿಯನ್ನೇ ಕುಂದಿಸುತ್ತದೆ. ದಪ್ಪ ಮೈಯಲ್ಲಿ ಅಂಥ ಗಾಯ ಕೂಡದೆ ಕೀವಾದರೆ ಕಿಡ್ನಿಯೂ ಹೋದೀತು, ಜೀವವೂ ಹೋದೀತು.

ದೊಡ್ಡಕ್ಕೋರು ತೂಕ ಇಳಿಸಲು ನೋಡಿದರು. ರೊಟ್ಟಿ ಅರ್ಧ ಮಾಡಿದರು. ಶಾಲೆಯ ಮೈದಾನದಲ್ಲಿ ನಸುಕಿನಲ್ಲಿ ನಡೆದರು. ಡಯಾಲಿಸಿಸ್ಸಿನ ಮರುದಿನ ಎದ್ದು ನಿಲ್ಲುವುದೇ ಸಾಹಸವಾಗಿರುವ ಮೈ, ಎಷ್ಟು ನಡೆದೀತು? ಒಂದು ದಿನ ಧ್ವಜಕಂಬದ ಕೆಳಗೆ ಕೂತು ಅಂದರು, “ಏ ಭಾಲ್ಕಿ, ನಾ ಹುಟ್ಟಿದ್ದೇ ಹಿಂಗ. ಸಾಯೋದೂ ಹಿಂಗೇ ಏನು?” ಅವರು ನನ್ನೆದುರು ಸಾವಿನ ಮಾತಾಡಿದ್ದು ಅದೊಂದೇ ಸಲ. ಅಷ್ಟು ಹೇಳಿ ಪ್ರಾರ್ಥನೆಗೆ ಗಂಟೆ ಬಾರಿಸಲು ಅವರೇ ಎದ್ದು ಹೋದರು.

ಬೀದರಿನ ಡಾಕ್ಟರೇ ದಾರಿ ಹೇಳಿದ್ದು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ರೋಬೋಟಿನ ಸಹಾಯದಿಂದ ಕಸಿ ಮಾಡುತ್ತಾರೆ, ದೊಡ್ಡ ಗಾಯವಿಲ್ಲ, ಸಣ್ಣ ಸಣ್ಣ ತೂತುಗಳಲ್ಲೇ ಕೆಲಸ, ನಿಮ್ಮಂಥ ಮೈಯವರಿಗೂ ಮಾಡಿದ್ದಾರೆ ಎಂದರು. ಆದರೆ ಕಿಡ್ನಿ ಕೊಡುವವರು ಬೇಕಲ್ಲ? ತಾಯಿ ಹಣ್ಣು ಮುದುಕಿ. ಒಡಹುಟ್ಟಿದವಳೆಂದರೆ ತಂಗಿಯೊಬ್ಬಳೇ.

ಅವರಿಗೊಬ್ಬ ತಂಗಿಯಿದ್ದಾಳೆ ಎಂಬುದು ನನಗೆ ತಿಳಿದದ್ದೇ ಆಗ. ಆಕೆ ಹೈದರಾಬಾದಿನಲ್ಲಿ ಕಟ್ಟಡ ಕೆಲಸದಲ್ಲಿದ್ದಳು, ಗಂಡ ಗಾರೆ ಕೆಲಸದ ಗೌಂಡಿ. ಯಾರೋ ಸುದ್ದಿ ಮುಟ್ಟಿಸಿದ್ದರು. ಒಂದು ಭಾನುವಾರ, ಅಕ್ಕನ ಒಂದು ತೋಳಿನಷ್ಟೂ ಇಲ್ಲದ, ಬಿಸಿಲಿಗೆ ಬೆಂದ ಸಣಕಲು ಹೆಂಗಸೊಬ್ಬಳು ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು, “ನಂಗ ಯಾಕ ಹೇಳ್ಲಿಲ್ಲ?”

“ಹೇಳಿ ಏನ್ ಮಾಡ್ತಿದ್ದಿ?”

“ಕೊಡ್ತಿದ್ದೆ.”

“ಅದ್ಕೇ ಹೇಳ್ಲಿಲ್ಲ.”

ನಾನು ಚಹಾ ಮಾಡುವ ನೆಪದಲ್ಲಿ ಒಲೆಯ ಹತ್ತಿರ ನಿಂತೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಆ ಗಟ್ಟಿ ದನಿ ಆವತ್ತು ಇಳಿದಿತ್ತು. ಅವರಿಬ್ಬರೂ ಹುಡುಗಿಯರಾಗಿದ್ದಾಗ ಇಂಥದೇ ಒಂದು ಬರ ಬಿದ್ದಿತ್ತಂತೆ. ಅಪ್ಪ ಅವ್ವ ರಸ್ತೆ ಕೆಲಸಕ್ಕೆ ಹೊರಟರು. ಭಾತಂಬ್ರಾದಲ್ಲಿ ಉಳಿದ ಅಜ್ಜಿಗೆ ಒಬ್ಬಳನ್ನು ಮಾತ್ರ ಸಾಕುವ ಶಕ್ತಿ. ಆಗಲೇ ಶಾಲೆಗೆ ಹೋಗುತ್ತಿದ್ದ ದೊಡ್ಡವಳು ಉಳಿದಳು, ಚಿಕ್ಕವಳು ಹೋದಳು. ಮರುವರ್ಷವೂ ಹಾಗೇ, ಅದರ ಮರುವರ್ಷವೂ ಹಾಗೇ. ಚಿಕ್ಕವಳು ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ.

“ಸಾಲಿನೂ ನಾನೇ ತಗೊಂಡೆ,” ಎಂದರು ಅಕ್ಕ. “ಈಗ ಕಿಡ್ನಿನೂ ನಾನೇ ತಗೋಬೇಕೇನು? ನಿಂದು ಮೈಮ್ಯಾಲಿನ ದುಡಿಮಿ. ನಾಳಿ ನಿನ್ನ ಮೈ ಕೈಕೊಟ್ರ?”

ತಂಗಿ ನೆಲದ ಮೇಲೆ ಚಕ್ಕಳಬಕ್ಕಳ ಕೂತಳು. “ಸಾಲಿ ನೀ ತಗೊಂಡಿಲ್ಲ, ಅವ್ವ ಕೊಟ್ಟಾಳ. ಅವತ್ತು ನನ್ನ ಯಾರೂ ಕೇಳ್ಲಿಲ್ಲ. ಇವತ್ತು ನಾ ಕೊಡ್ಲತ್ತೀನಿ. ಇವತ್ತೂ ನನ್ನ ಕೇಳಂಗಿಲ್ಲೇನು?”

ಅಕ್ಕ ಕನ್ನಡಕ ತೆಗೆದರು. ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡರು. ಆಗ ತಂಗಿಯೇ, “ಆಯ್ತೇನು? ಮುಂದ?” ಎಂದಳು. ಅಕ್ಕತಂಗಿಯರಲ್ಲಿ ಆ ಮಾತು ಮೊದಲು ಯಾರದೋ, ಯಾರಿಂದ ಯಾರಿಗೆ ಬಂತೋ, ನನಗೆ ಗೊತ್ತಿಲ್ಲ.

ತಂಗಿಯ ರಕ್ತ, ಕಿಡ್ನಿ ಎಲ್ಲ ಹೊಂದಿದವು. ಬೇಸಿಗೆ ರಜೆ ಬರಲಿ, ಮಕ್ಕಳ ತಾಯಂದಿರು ಊರಿಗೆ ಮರಳಲಿ, ಅವರವರ ಮಕ್ಕಳನ್ನು ಅವರವರಿಗೆ ಒಪ್ಪಿಸಿ ಬರುತ್ತೇನೆ ಎಂದು ಇವರು ಹಟ ಹಿಡಿದರು. ಹಾಗೇ ಆಯಿತು.

ಹೈದರಾಬಾದಿನ ಸರ್ಜನ್ ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ದೊಡ್ಡಕ್ಕೋರು ಅವರ ಜೊತೆ ನಮ್ಮ ಬೀದರಿನ ದಖನಿ ಉರ್ದುವಿನಲ್ಲೇ ಮಾತಿಗಿಳಿದರು. ಮೊದಲ ಪ್ರಶ್ನೆ, ಹೊಲಿಯುವುದು ಮಷೀನೋ ನೀವೋ? ಸರ್ಜನ್ ನಕ್ಕು, ಹೊಲಿಯುವುದು ನಾನೇ, ಮಷೀನು ನನ್ನ ಕೈಗೆ ತೊಡಿಸಿದ ಕೈ ಎಂದರು. ಸ್ವಲ್ಪ ದೂರದಲ್ಲಿ ಕೂತು, ಕನ್ನಡಕದಂಥ ಗಾಜಿಗೆ ಕಣ್ಣಿಟ್ಟು ತಾನು ಬೆರಳಾಡಿಸಿದರೆ, ಹೊಟ್ಟೆಯೊಳಗೆ ಹೋದ ಸಣ್ಣ ಉಪಕರಣಗಳು ಹಾಗೇ ಆಡುತ್ತವೆ. ಒಳಗಿನದೆಲ್ಲ ಹತ್ತಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೊಕ್ಕುಳ ಹತ್ತಿರದ ಸಣ್ಣ ಕೊಯ್ತದಿಂದ, ಮಂಜುಗಡ್ಡೆಯಲ್ಲಿ ಸುತ್ತಿದ ಕಿಡ್ನಿಯನ್ನು ಒಳಗಿಳಿಸಿ ರಕ್ತನಾಳಕ್ಕೆ ಹೊಲಿಯುತ್ತೇನೆ ಎಂದು ಬಿಡಿಸಿ ಹೇಳಿದರು. ದೊಡ್ಡಕ್ಕೋರು ಗಮನವಿಟ್ಟು ಕೇಳಿ, ಔರಾದಿನವರು ಕೇಳಲೇಬೇಕಾದ ಪ್ರಶ್ನೆ ಕೇಳಿದರು: “ಡಾಕ್ಟರ್ ಸಾಬ್, ಬೀಚ್ ಮೇ ಕರೆಂಟ್ ಗಯಾ ತೋ?” ನಡುವೆ ಕರೆಂಟು ಹೋದರೆ?

ಅದಕ್ಕೆ ಬೇರೆ ವ್ಯವಸ್ಥೆಯಿದೆ, ಮಷೀನೇ ಕೈಕೊಟ್ಟರೆ ಹಳೆಯ ರೀತಿಯಲ್ಲಿ ಹೊಟ್ಟೆ ತೆರೆಯಬೇಕಾದೀತು, ಆ ಅಪಾಯ ಇದ್ದೇ ಇದೆ ಎಂದರು ಸರ್ಜನ್. ಏನನ್ನೂ ಮುಚ್ಚಿಡಲಿಲ್ಲ. ಅದೇ ಇವರಿಗೆ ಹಿಡಿಸಿತು.

ತಂಗಿಯದೂ ಒಂದು ಪ್ರಶ್ನೆಯಿತ್ತು. “ನಂದು ಇಷ್ಟ್ ಸಣ್ಣ ಕಿಡ್ನಿ, ಇಕಿ ಇಷ್ಟ್ ದೊಡ್ಡ ಮೈಗೆ ಸಾಕಾಗ್ತದೇನ್ರಿ?” ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಪರೀಕ್ಷೆಯಲ್ಲಿ ನೋಡಿದ್ದೇವೆ, ಗಟ್ಟಿ ಕಿಡ್ನಿ, ಸಾಕಾಗುತ್ತದೆ ಎಂದರು. ಆಕೆಯ ಮುಖದಲ್ಲಿ ಎಂಥ ಹೆಮ್ಮೆ!

ಕಿಡ್ನಿ ಕೊಡುವವರನ್ನು ಸಮಿತಿಯೊಂದು ಒಬ್ಬಂಟಿಯಾಗಿ ಕೂರಿಸಿ ಕೇಳುತ್ತದೆ, ಯಾರದಾದರೂ ಒತ್ತಾಯವಿದೆಯೇ ಎಂದು. ಹೊರಗೆ ಬಂದ ತಂಗಿಯನ್ನು, ಏನು ಹೇಳಿದಿರಿ ಎಂದು ಕೇಳಿದೆ. “ಒತ್ತಾಯ ಅದರಿ ಅಂದೆ. ಎಲ್ಲಾರೂ ಗಾಬರಿ ಆದ್ರು. ಒತ್ತಾಯ ನಂದೇರಿ, ಅಕಿ ಒಲ್ಲೆ ಅಂತಿದ್ಲು ಅಂದೆ.”

ಆಪರೇಷನ್ನಿನ ದಿನ ಹೊರಗೆ ನಾನು ಮತ್ತು ತಂಗಿಯ ಗಂಡ. ಆತ ಹೆಚ್ಚು ಮಾತಿನ ಮನುಷ್ಯನಲ್ಲ. ಸಿಮೆಂಟು ಕಚ್ಚಿದ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತ ಕೂತಿದ್ದ. ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ಒಯ್ದಿದ್ದರು. ಒಳಗೆ ಹೋಗುವ ಮುನ್ನ ಅಕ್ಕ ತಂಗಿಯ ಮಂಚದ ಹತ್ತಿರ ತಮ್ಮ ಮಂಚ ನಿಲ್ಲಿಸಲು ಹೇಳಿ, ಆಕೆಯ ಕೈ ಹಿಡಿದು, “ಅಂಜಿಕಿ ಆಗ್ಲತ್ತದೇನು?” ಎಂದಿದ್ದರು. “ನಿಂಗ ಆಗ್ಲತ್ತದ, ನಂಗ ಕೇಳ್ತಿ,” ಎಂದಿದ್ದಳು ಆಕೆ.

ತಂಗಿಯದು ಮುಗಿಯಿತು, ಸುಖವಾಗಿದ್ದಾಳೆ ಎಂದು ಒಬ್ಬ ನರ್ಸ್ ಬಂದು ಹೇಳಿದರು. ಅಕ್ಕನ ಸುದ್ದಿಯಿಲ್ಲ. ಹೇಳಿದ ಹೊತ್ತು ಮೀರಿತು. ಕೇಳಿದರೆ, ಒಳಗೆ ಕೊಬ್ಬು ಹೆಚ್ಚಿದೆ, ರಕ್ತನಾಳ ಬಿಡಿಸಿಕೊಳ್ಳುವುದು ಕಷ್ಟವಾಗುತ್ತಿದೆ, ಹೊಟ್ಟೆ ತೆರೆಯಬೇಕಾಗಬಹುದು ಎಂದರು. ತಂಗಿಯ ಗಂಡ ಎದ್ದು ಗೋಡೆಗೆ ಹಣೆ ಹಚ್ಚಿ ನಿಂತ. ನಾನು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ, ಅವರ ಪರವಾಗಿ ಬುದ್ಧನನ್ನೂ ನೆನೆದೆ. ಒಂದು ಕಿಡ್ನಿ ಈಗ ತಂಗಿಯಲ್ಲೂ ಇಲ್ಲ, ಅಕ್ಕನಲ್ಲೂ ಇನ್ನೂ ನೆಲೆಸಿಲ್ಲ, ನಡುವೆ ಎಲ್ಲೋ ಮಂಜುಗಡ್ಡೆಯಲ್ಲಿದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಬಾಗಿಲು ತೆರೆದು ಸರ್ಜನ್ ಬಂದರು. ಟೋಪಿ ಬೆವರಿಗೆ ಒದ್ದೆಯಾಗಿತ್ತು. ಹೊಟ್ಟೆ ತೆರೆಯಬೇಕಾಗಲಿಲ್ಲ, ಬಹಳ ತಾಳ್ಮೆಯ ಕೆಲಸವಾಯಿತು, ರಕ್ತ ಹರಿದ ಕೂಡಲೇ ಕಿಡ್ನಿ ಗುಲಾಬಿ ಬಣ್ಣಕ್ಕೆ ತಿರುಗಿತು, ಟೇಬಲ್ಲಿನ ಮೇಲೇ ಮೂತ್ರ ಬಂತು ಎಂದರು. ಮೂತ್ರ ಬಂತು ಎಂಬ ಮಾತಿಗೆ ಜನ ಹಾಗೆ ಅಳುವುದನ್ನು ನೋಡಿದ್ದು, ಅತ್ತದ್ದು, ನಾನು ಅದೇ ಮೊದಲು.

ಎಚ್ಚರವಾದಾಗ ಅವರು ಕೇಳಿದ್ದು ಒಂದೇ ಮಾತು, “ಅಕಿ ಎದ್ದಾಳೇನು?”

ಯಾರ ಮಾತನ್ನೂ ಕೇಳದ ಈ ಹೆಂಗಸು ಡಾಕ್ಟರರ ಮಾತು ಕೇಳುವುದುಂಟೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೇಳಿದರು, ಅಕ್ಷರಕ್ಷರ ಕೇಳಿದರು. ಗುಳಿಗೆಯ ಹೊತ್ತು ಒಂದು ದಿನವೂ ತಪ್ಪಲಿಲ್ಲ. ಬಾಯಿಂದ ಮಾಸ್ಕ್ ಇಳಿಯಲಿಲ್ಲ. ರಜೆ ಮುಗಿಸಿ ಶಾಲೆಗೆ ಮರಳಿದ ಮೇಲೂ ಮಕ್ಕಳ ಗುಂಪಿಗೆ ಹೋಗುವಂತಿರಲಿಲ್ಲ. ಹಾಗಾಗಿ ತಾವು ಕೋಣೆಯೊಳಗೆ ಕಿಟಕಿಯ ಬಳಿ ಕೂತು, ಮಕ್ಕಳನ್ನು ಹೊರಗೆ ಬೇವಿನ ನೆರಳಿಗೆ ಕೂರಿಸಿ, ಕಿಟಕಿಯಿಂದಲೇ ಗಣಿತ ಹೇಳಿದರು. ಆ ದನಿಗೆ ಕಿಟಕಿ ಯಾವ ಲೆಕ್ಕ? ಪಕ್ಕದ ಹೊಲದಲ್ಲಿದ್ದವರಿಗೂ ಭಾಗಾಕಾರ ಬಂದಿರಬೇಕು.

“ಇಷ್ಟ್ಯಾಕ ಹುಷಾರಿ ಅಕ್ಕೋರೆ? ನೀವು ಹಿಂಗ ಇದ್ದವರೇ ಅಲ್ಲ,” ಎಂದೆ ಒಮ್ಮೆ.

“ನನ್ನ ಕಿಡ್ನಿ ಇದ್ದಾಗ ನಾ ಫಿಕರ್ ಮಾಡ್ಲಿಲ್ಲ. ಇದು ಅಕಿದು. ಹಾಳ್ ಮಾಡಿದ್ರ ಏನ್ ಜವಾಬ್ ಕೊಡ್ಲಿ?”

ಒಂದು ವಿಷಯದಲ್ಲಿ ಮಾತ್ರ ಸೋತರು. ಮೊದಲು ನೀರು ಕುಡಿಯಬಾರದಿತ್ತು, ಈಗ ದಿನವಿಡೀ ಕುಡಿಯಬೇಕಿತ್ತು. ಆ ವರ್ಷವೂ ಬರ ಬಿಟ್ಟಿರಲಿಲ್ಲ. ಶಾಲೆಗೆ ಟ್ಯಾಂಕರ್ ನೀರು, ಮಕ್ಕಳಿಗೆ ಅಳೆದು ಕೊಡುವ ನೀರು. ಆ ಮಕ್ಕಳ ಮುಂದೆ ತಂಬಿಗೆ ಎತ್ತಲು ದೊಡ್ಡಕ್ಕೋರಿಗೆ ಕೈ ಬರುತ್ತಿರಲಿಲ್ಲ. ಕುಡಿಯುವುದು ಕಡಿಮೆಯಾಯಿತು. ರಕ್ತ ಪರೀಕ್ಷೆಯಲ್ಲಿ ಅದು ಕಂಡಿತು. ಡಾಕ್ಟರು ಎಚ್ಚರಿಸಿದರು. ನಾನು ಸುಮ್ಮನಿರಲಿಲ್ಲ, ಹೈದರಾಬಾದಿನಲ್ಲಿದ್ದ ತಂಗಿಗೆ ಫೋನು ಹಚ್ಚಿ ಅವರ ಕಿವಿಗೆ ಕೊಟ್ಟೆ. ಅತ್ತ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

“ನನ್ನ ಕಿಡ್ನಿಗೆ ನೀರು ಹಾಕ್ತಿಯೋ, ಇಲ್ಲಾ ವಾಪಸ್ ಕೊಡ್ತಿಯೋ?”

ಅವರು ಅಲ್ಲೇ ನಿಂತು ತಂಬಿಗೆ ಪೂರ್ತಿ ಕುಡಿದರು. ಆಮೇಲೆ ಪ್ರತಿ ಪಾಠದ ನಡುವೆ ಮಕ್ಕಳೆದುರೇ ಕುಡಿದರು. ಯಾಕೆ ಕುಡಿಯಬೇಕೆಂದು ಅವಕ್ಕೆ ಕಿಡ್ನಿಯ ಚಿತ್ರ ಬರೆದು ಪಾಠ ಮಾಡಿದರು.

ತಂಗಿಯನ್ನು ಔರಾದಿನಲ್ಲೇ ಇಟ್ಟುಕೊಳ್ಳಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಆಕೆ ಒಪ್ಪಲಿಲ್ಲ. ಗಂಡನ ಕೆಲಸ ಅಲ್ಲಿ, ತನ್ನ ಬದುಕು ಅಲ್ಲಿ ಎಂದು ಹೊರಟುಹೋದಳು. ಆದರೆ ಬುಟ್ಟಿ ಹೊರುವ ಕೆಲಸ ಬಿಟ್ಟಳು. ನಮ್ಮ ಕಡೆಯ ಕೂಲಿಗಳು ಬೆಳಿಗ್ಗೆ ಸೇರುವ ಅಡ್ಡಾದ ಹತ್ತಿರ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಮಾರತೊಡಗಿದಳು. ಔರಾದ, ಭಾಲ್ಕಿ ಕಡೆಯವರೆಲ್ಲ ಆಕೆಯ ಗಿರಾಕಿಗಳು.

ಹೋದ ವರ್ಷ ದೊಡ್ಡಕ್ಕೋರು ನಿವೃತ್ತರಾದರು. ಕಿಡ್ನಿ ಸರಿಯಾಗಿಯೇ ಇದೆ. ಬೀದರಿನಲ್ಲಿ ಒಂದು ಮನೆ ನೋಡಿಕೊಳ್ಳಿ, ಆಸ್ಪತ್ರೆಗೆ ಹತ್ತಿರ, ವಿಶ್ರಾಂತಿ ತೆಗೆದುಕೊಳ್ಳಿ ಎಂದೆವು ನಾವೆಲ್ಲ. ಬೀಳ್ಕೊಡುಗೆಯ ಸಭೆಯಲ್ಲಿ ಅವರು ಎದ್ದು, ತಾವು ಹೈದರಾಬಾದಿಗೆ ಹೋಗುವುದಾಗಿ ಹೇಳಿದರು. ಲಾರಿಯಿಂದ ಇಳಿಸಿಕೊಳ್ಳಲಾಗದ ಮಕ್ಕಳು ಎಷ್ಟೋ ಇವೆ, ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಬೆಳೆಯುತ್ತಿವೆ, ಅವಕ್ಕೆ ಕನ್ನಡದ ನಾಲ್ಕಕ್ಷರ ಹೇಳುವವರಿಲ್ಲ ಎಂದರು. ಧೂಳು, ಸೋಂಕು ಎಂದು ನಾನು ಅಡ್ಡಬಂದೆ. ಡಾಕ್ಟರನ್ನು ಕೇಳಿದ್ದೇನೆ, ಮಾಸ್ಕ್ ಹಾಕಿಕೊಳ್ಳುತ್ತೇನೆ, ಶೆಡ್ಡಿನ ಹೊರಗೆ ಬಯಲಲ್ಲೇ ಕೂರುತ್ತೇನೆ ಎಂದು ಎಲ್ಲಕ್ಕೂ ಉತ್ತರ ಸಿದ್ಧವಿತ್ತು.

ಈಗ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ನಾನು. ಮೊನ್ನೆ ಒಂದು ಸಂಗತಿ ಕೇಳಬೇಕಿತ್ತು. ಮಧ್ಯಾಹ್ನ ಫೋನು ಮಾಡಿದೆ. ಎತ್ತಿದ್ದು ತಂಗಿ. ಹಿಂದೆ ಕಾಂಕ್ರೀಟ್ ಮಷೀನಿನ ಗದ್ದಲ, ಅದನ್ನೂ ಮೀರಿ ಮಕ್ಕಳು ಒಟ್ಟಾಗಿ ಮಗ್ಗಿ ಒಪ್ಪಿಸುವ ಸದ್ದು. ನಾನು ಭಾಲ್ಕಿ ಮಾತಾಡ್ಲತ್ತೀನಿ, ಅಕ್ಕೋರಿಗೆ ಕೊಡ್ರಿ ಎಂದೆ.

“ಅಕ್ಕ ಸಾಲಿ ನಡಿಸ್ಲತ್ತಾಳ್ರಿ,” ಎಂದಳು ಆಕೆ. “ಆಮ್ಯಾಲ ಮಾಡ್ರಿ.” ಫೋನು ಇಟ್ಟುಬಿಟ್ಟಳು.